ಅಪ್ಪನ ವೀಲ್‌ಚೇರ್ ಪಾರ್ಕಿನ ಗೇಟು ದಾಟಬೇಕಾದರೆ

ಪ್ರಶ್ನೆ: ಮೇಡಂ, ನಮ್ಮದು ತುಮಕೂರು, ಎಸ್.ಎಸ್. ಪುರಂ. ನಮ್ಮ ತಂದೆಗೆ 71 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಶಕ್ತಿ ಹೋಯಿತು. ಮನೆಯೊಳಗೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಹೊರಗೆ ವೀಲ್‌ಚೇರೇ ಗತಿ. ಮುಂಚೆ ದಿನಾ ಬೆಳಿಗ್ಗೆ ಬಡಾವಣೆಯ ಪಾರ್ಕಿಗೆ ಹೋಗಿ ಗೆಳೆಯರ ಜತೆ ಕೂತು ಬರುತ್ತಿದ್ದರು. ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಈಗ ಆಗುತ್ತಿಲ್ಲ. ಫುಟ್‌ಪಾತ್ ಎತ್ತರ. ಗೇಟಿನಲ್ಲಿ ಬೈಕ್ ಬರಬಾರದು ಅಂತ ಕಂಬಿ ನೆಟ್ಟಿದ್ದಾರೆ. ಒಳಗೆ ರ‍್ಯಾಂಪ್ ಇದೆ, ತಳ್ಳಲು ಎರಡು ಜನ ಬೇಕು. ಬೀದಿಯವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಕೊಡೋಣ ಅಂತಿದ್ದೇವೆ. ಏನು ಕೇಳಬೇಕು, ಹೇಗೆ ಕೇಳಬೇಕು? ಇದಕ್ಕೆ ಕಾನೂನು ಇದೆಯಾ? ಪಕ್ಕದ ಮನೆಯಲ್ಲಿ ಕಣ್ಣು ಕಾಣದ ಹುಡುಗ ಇದ್ದಾನೆ. ಅವನಿಗೂ ಅನುಕೂಲ ಆಗುವ ಹಾಗೆ ಹೇಳಿ.

ಉತ್ತರ: ನಿಮ್ಮ ಪತ್ರ ಓದುತ್ತಾ ನೀವು ಹೇಳಿದ ತೊಂದರೆಗಳ ಕೆಳಗೆ ಗೆರೆ ಎಳೆದೆ. ಮೂರು ಗೆರೆ ಬಿತ್ತು. ರಸ್ತೆಯಿಂದ ಫುಟ್‌ಪಾತಿಗೆ ಹತ್ತುವ ಕಡೆ ಒಂದು. ಫುಟ್‌ಪಾತಿನಿಂದ ಪಾರ್ಕಿನೊಳಗೆ ಹೋಗುವ ಗೇಟಿನಲ್ಲಿ ಒಂದು. ನೆಲದಿಂದ ಮೇಲಕ್ಕೆ ಹೋಗುವ ರ‍್ಯಾಂಪಿನಲ್ಲಿ ಇನ್ನೊಂದು. ಮೂರೂ ಒಂದು ಜಾಗ ಇನ್ನೊಂದು ಜಾಗವನ್ನು ಸೇರುವ ಕಡೆಯೇ ಇವೆ, ಗಮನಿಸಿದಿರಾ?

ವಿಕಲಚೇತನರು ಓಡಾಡಲು ರಸ್ತೆ, ಕಟ್ಟಡ, ಪಾರ್ಕು ಸರಿಯಾಗಿವೆಯಾ ಅಂತ ಅಳೆದು ನೋಡುವುದು ನನ್ನ ಕೆಲಸ. ಹದಿನೈದು ವರ್ಷದಿಂದ ಟೇಪು ಹಿಡಿದು ತಿರುಗುತ್ತಿದ್ದೇನೆ. ಹೊಸ ಫುಟ್‌ಪಾತಿನ ನಡುಭಾಗ ಬಹಳ ಕಡೆ ಚೆನ್ನಾಗೇ ಇರುತ್ತದೆ. ಕೆಡುವುದು ಸೇರುವ ಜಾಗದಲ್ಲಿ. ಯಾಕೆ ಅಂದರೆ ರಸ್ತೆಗೆ ಒಂದು ಟೆಂಡರ್, ಫುಟ್‌ಪಾತಿಗೆ ಇನ್ನೊಂದು, ಚರಂಡಿಗೆ ಮತ್ತೊಂದು, ಪಾರ್ಕಿನ ಕಾಂಪೌಂಡಿಗೆ ಬೇರೆಯೇ ಒಂದು. ಪ್ರತಿಯೊಬ್ಬರೂ ತಮ್ಮ ಗೆರೆಯವರೆಗೆ ಕೆಲಸ ಮುಗಿಸಿ ಬಿಲ್ ಮಾಡಿಸಿಕೊಳ್ಳುತ್ತಾರೆ. ಎರಡು ಗೆರೆ ಸೇರುವ ಕಡೆ ನಾಲ್ಕು ಬೆರಳು ಎತ್ತರ ಉಳಿದರೆ ಅದು ಯಾರ ಎಸ್ಟಿಮೇಟಿನಲ್ಲೂ ಇರುವುದಿಲ್ಲ. ಆ ನಾಲ್ಕು ಬೆರಳಿಗೆ ನಿಮ್ಮ ತಂದೆಯ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ನಿಂತುಬಿಡುತ್ತದೆ.

ಹಾಗಾಗಿ ಅರ್ಜಿಯಲ್ಲಿ ‘ಪಾರ್ಕನ್ನು ವಿಕಲಚೇತನ ಸ್ನೇಹಿ ಮಾಡಿ’ ಅಂತ ಒಂದು ಸಾಲು ಬರೆದು ಸಹಿ ಹಾಕಬೇಡಿ. ಅಂಥ ಅರ್ಜಿಗೆ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ವೀಲ್‌ಚೇರ್ ಚಿತ್ರ ಬರೆಸಿ ಉತ್ತರ ಕೊಟ್ಟಿದ್ದನ್ನು ನೋಡಿದ್ದೇನೆ. ಮನೆ ಬಾಗಿಲಿನಿಂದ ಪಾರ್ಕಿನ ಬೆಂಚಿನವರೆಗೆ ಸೇರುವ ಜಾಗಗಳನ್ನು ಒಂದೊಂದಾಗಿ ಎಣಿಸಿ. ಒಂದೊಂದಕ್ಕೂ ಅಳತೆ ಬರೆದು, ಎಷ್ಟು ಇರಬೇಕಿತ್ತು ಅಂತ ಪಕ್ಕದಲ್ಲೇ ಬರೆಯಿರಿ. ಆ ಅಳತೆಗಳನ್ನೇ ಈಗ ಹೇಳುತ್ತೇನೆ.

ಗೇಟಿನಿಂದ ಶುರು ಮಾಡೋಣ. ಮಾಮೂಲಿ ವೀಲ್‌ಚೇರ್ ಅಗಲ 65ರಿಂದ 70 ಸೆಂ.ಮೀ. ಇರುತ್ತದೆ. ಚಕ್ರವನ್ನು ತಾವೇ ಕೈಯಲ್ಲಿ ತಿರುಗಿಸುವವರಿಗೆ ಎರಡೂ ಪಕ್ಕ ಮೊಣಕೈಗೆ ಜಾಗ ಬೇಕು. ಹಾಗಾಗಿ ಕಂಬಿಗಳ ನಡುವೆ ಏನಿಲ್ಲವೆಂದರೂ 90 ಸೆಂ.ಮೀ. ಸಂದಿ ಇರಬೇಕು. 120 ಇದ್ದರೆ ಸಲೀಸು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ಲಿಗೆ ಇನ್ನೂ ಜಾಸ್ತಿ ಬೇಕು. ಈಗ ತೊಡಕು ನೋಡಿ. ಬೈಕಿನ ಹ್ಯಾಂಡಲ್ ಅಗಲವೂ 70-80 ಸೆಂ.ಮೀ. ಆಸುಪಾಸೇ. ವೀಲ್‌ಚೇರ್ ದಾಟುವ ಸಂದಿಯಲ್ಲಿ ಬೈಕೂ ದಾಟುತ್ತದೆ. ಬೈಕನ್ನು ತಡೆಯುವ ಸಂದಿ ವೀಲ್‌ಚೇರನ್ನೂ ತಡೆಯುತ್ತದೆ. ಎರಡನ್ನೂ ಗುರುತಿಸಿ ಒಂದನ್ನು ಮಾತ್ರ ಬಿಡುವ ಕಂಬಿ ಇಲ್ಲ. ಎಂಜಿನಿಯರು ನಿಮಗೆ ಇದನ್ನೇ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ.

ಆಮೇಲೆ ಅವರು ಹೇಳುವ ಪರಿಹಾರವೂ ನನಗೆ ಗೊತ್ತು. ಪಕ್ಕದ ದೊಡ್ಡ ಗೇಟಿಗೆ ಬೀಗ, ಬೀಗದ ಕೈ ವಾಚ್‌ಮನ್ ಹತ್ತಿರ, ‘ಯಾರಾದರೂ ಬಂದರೆ ತೆಗೆಯುತ್ತಾರೆ’. ಇದಕ್ಕೆ ಒಪ್ಪಬೇಡಿ. ಒಮ್ಮೆ ವಯಸ್ಸಾದ ಅಮ್ಮ ಒಬ್ಬರ ಜತೆ ಇಂಥದ್ದೇ ಒಂದು ಪಾರ್ಕಿಗೆ ಹೋಗಿದ್ದೆ. ಬೆಳಿಗ್ಗೆ ಆರೂವರೆ. ಅವರಿಗೆ ಪೋಲಿಯೊ, ಚಿಕ್ಕಂದಿನಿಂದ ಗಾಲಿ ಕುರ್ಚಿ. ವಾಚ್‌ಮನ್ ಟೀಗೆ ಹೋಗಿದ್ದರು. ಇಪ್ಪತ್ತು ನಿಮಿಷ ಗೇಟಿನ ಹೊರಗೆ ಕಾದೆವು. ವಾಕಿಂಗ್ ಬಂದವರೆಲ್ಲ ಸಂದಿಯಲ್ಲಿ ನುಸುಳಿ ಒಳಗೆ ಹೋದರು. ಒಬ್ಬೊಬ್ಬರೂ ತಿರುಗಿ ನೋಡಿ, ‘ಯಾಕಮ್ಮ, ಇಲ್ಲೇ ಇದ್ದೀರಾ?’ ಅಂತ ಕೇಳಿದರು. ಕೇಳಿದವರಿಗೆಲ್ಲ ಅವರು ನಗುತ್ತಾ ಉತ್ತರ ಕೊಟ್ಟರು. ಐದನೆಯವರು ಕೇಳುವ ಹೊತ್ತಿಗೆ ನಗು ನಿಂತಿತ್ತು. ಕೊನೆಗೆ ವಾಚ್‌ಮನ್ ಓಡಿ ಬಂದು ಗೇಟು ತೆಗೆದರು, ಪಾಪ, ಎರಡು ಸಲ ಕ್ಷಮೆಯನ್ನೂ ಕೇಳಿದರು. ಅವತ್ತು ಒಳಗೆ ಹೋದೆವು. ಮುಂದಿನ ವಾರ ಕರೆದಾಗ ಅವರು, ‘ಬೇಡ ಬಿಡಮ್ಮ, ಮನೆ ಮುಂದೆಯೇ ಕೂರ್ತೀನಿ’ ಅಂದರು.

ಅರ್ಜಿಯಲ್ಲಿ ಹೀಗೆ ಕೇಳಿ: ಪಾರ್ಕ್ ತೆರೆದಿರುವಷ್ಟೂ ಹೊತ್ತು ಒಂದು ದಾರಿಯಲ್ಲಿ ಕನಿಷ್ಠ 90 ಸೆಂ.ಮೀ. ಸಂದಿ ಬೀಗವಿಲ್ಲದೆ ತೆರೆದಿರಬೇಕು. ಆ ದಾರಿ ಎಲ್ಲರೂ ಬಳಸುವ ಮುಖ್ಯ ದಾರಿಯೇ ಆಗಿರಬೇಕು, ಹಿಂದಿನ ಕಸದ ಗೇಟು ಆಗಬಾರದು. ಬೈಕ್ ತಡೆಯುವುದು ವಾಚ್‌ಮನ್, ಕ್ಯಾಮೆರಾ, ದಂಡ ಇವುಗಳ ಕೆಲಸ. ನಾಲ್ಕು ಬೈಕಿನವರ ತಪ್ಪಿಗೆ ನಿಮ್ಮ ತಂದೆ ಮನೆಯಲ್ಲಿ ಕೂರಬೇಕು ಅನ್ನುವುದು ಯಾವ ನ್ಯಾಯ?

ಇನ್ನು ಫುಟ್‌ಪಾತ್. ನೆಲದಿಂದ ಅದರ ಎತ್ತರ 15 ಸೆಂ.ಮೀ. ಮೀರಬಾರದು. ನಡೆಯಲು ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಬೇಕು. ಎರಡು ವೀಲ್‌ಚೇರ್ ಎದುರುಬದುರು ದಾಟುವಷ್ಟು. ತಲೆ ಮೇಲೆ 2.2 ಮೀಟರ್‌ವರೆಗೆ ಬೋರ್ಡು, ಕೊಂಬೆ, ತಗಡಿನ ಮಾಡು ಏನೂ ಚಾಚಿರಬಾರದು. ಇದು ಪಕ್ಕದ ಮನೆ ಹುಡುಗನಿಗೂ ಬೇಕು, ಯಾಕೆಂದರೆ ಬಿಳಿ ಕೋಲು ನೆಲವನ್ನು ಹೇಳುತ್ತದೆ, ಹಣೆ ಮಟ್ಟದ ಬೋರ್ಡನ್ನು ಹೇಳುವುದಿಲ್ಲ. ರಸ್ತೆ ದಾಟುವ ಪ್ರತಿ ಕಡೆಯೂ ಫುಟ್‌ಪಾತ್ ಇಳಿಜಾರಾಗಿ ರಸ್ತೆಯ ಮಟ್ಟಕ್ಕೆ ಬರಬೇಕು. ಅಗಲ 1.2 ಮೀಟರ್. ಈ ಕಡೆ ಇಳಿದರೆ ಆ ಕಡೆ ಹತ್ತಲೂ ಇರಬೇಕು. ಒಂದೇ ಕಡೆ ಮಾಡಿ ಬಿಟ್ಟರೆ ವೀಲ್‌ಚೇರಿನವರು ರಸ್ತೆ ನಡುವೆ ಆಟೊ, ಬಸ್ಸುಗಳ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅಂಥ ಅರ್ಧ ಕೆಲಸ ಇಲ್ಲದಿರುವುದಕ್ಕಿಂತ ಅಪಾಯ.

ಚರಂಡಿ ಜಾಲರಿಯನ್ನೂ ನೋಡಿ. ಸಂದಿ 12 ಮಿ.ಮೀ. ಮೀರಬಾರದು, ಸಲಾಕೆಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಮುಂದಿನ ಚಕ್ರ ಒಳಗೆ ಇಳಿದು ಕೂತವರು ಮುಗ್ಗರಿಸಿ ಬೀಳುತ್ತಾರೆ.

ಫುಟ್‌ಪಾತ್ ವಿಷಯದಲ್ಲಿ ಎರಡು ಮಾತು ನೇರವಾಗಿ ಹೇಳಬೇಕು. ಒಂದು, ನಿಮ್ಮ ಬೀದಿಯವರು ಸಹಿ ಹಾಕುವ ಮೊದಲು ತಮ್ಮ ತಮ್ಮ ಗೇಟಿನ ಮುಂದೆ ನೋಡಿಕೊಳ್ಳಲಿ. ಕಾರು ಹತ್ತಿಸಲು ಫುಟ್‌ಪಾತಿನ ಮೇಲೆ ಸಿಮೆಂಟ್ ಇಳಿಜಾರು ಹಾಕಿಸಿಕೊಂಡ ಮನೆ ಎಷ್ಟು? ಗಿಡ ನೆಟ್ಟು ಬೇಲಿ ಕಟ್ಟಿದ ಮನೆ ಎಷ್ಟು? ಹತ್ತು ಮನೆ ಮುಂದೆ ಹತ್ತು ದಿಣ್ಣೆ ಇದ್ದರೆ ಆ ಫುಟ್‌ಪಾತ್ ಮೇಲೆ ವೀಲ್‌ಚೇರ್ ಹೋಗುವುದೇ ಇಲ್ಲ. ಎರಡು, ತಳ್ಳುಗಾಡಿಯವರನ್ನು ಎತ್ತಂಗಡಿ ಮಾಡಿಸಿ ಅಂತ ಬರೆಯಬೇಡಿ. ಬೀದಿ ವ್ಯಾಪಾರಿಗಳಿಗೂ 2014ರ ಕಾಯ್ದೆ ಇದೆ, ಜಾಗ ಗೊತ್ತು ಮಾಡಲು ಪಟ್ಟಣ ಮಾರಾಟ ಸಮಿತಿ ಇದೆ. ನಿಮಗೆ ಬೇಕಾದದ್ದು ಅಡ್ಡಿ ಇಲ್ಲದ 1.8 ಮೀಟರ್. ಅದನ್ನು ಬಿಟ್ಟು ಗಾಡಿ ನಿಂತರೆ ಯಾರಿಗೂ ತೊಂದರೆ ಇಲ್ಲ. ನಾನು ಕಂಡ ಹಾಗೆ ಸೊಪ್ಪು, ಹೂವು ಮಾರುವವರು ಹೇಳಿದ ತಕ್ಷಣ ಸರಿದು ಜಾಗ ಬಿಡುತ್ತಾರೆ. ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳೇ ಜಗ್ಗುವುದಿಲ್ಲ.

ಈಗ ರ‍್ಯಾಂಪ್. ನಿಯಮ ಒಂದಕ್ಕೆ ಹನ್ನೆರಡು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ತಲಾ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಒಟ್ಟು ಎತ್ತರ 45 ಸೆಂ.ಮೀ. ರ‍್ಯಾಂಪ್ 5.4 ಮೀಟರ್ ಉದ್ದ ಬೇಕು. ಬಹಳ ಕಡೆ ಏನು ಮಾಡುತ್ತಾರೆ? ಮೂರು ಮೆಟ್ಟಿಲ ಪಕ್ಕದಲ್ಲೇ ಮೆಟ್ಟಿಲು ಮುಗಿಯುವ ಕಡೆಯೇ ಮುಗಿಯುವ ಹಾಗೆ ಸಿಮೆಂಟ್ ಸುರಿದು ಸವರಿಬಿಡುತ್ತಾರೆ. ಅದು ಬೈಕ್ ಹತ್ತಿಸುವ ಇಳಿಜಾರು. ಅದರ ಮೇಲೆ ಮನುಷ್ಯರನ್ನು ಕೂರಿಸಿ ತಳ್ಳಬಾರದು.

ನೀವೇ ಅಳೆಯಬಹುದು. ಗಾರೆ ಕೆಲಸದವರ ಹತ್ತಿರ ಅಲ್ಯೂಮಿನಿಯಂ ಪಟ್ಟಿ, ರಸಮಟ್ಟ ಇರುತ್ತದೆ, ಕೇಳಿ ತನ್ನಿ. ಪಟ್ಟಿಯಲ್ಲಿ ಸರಿಯಾಗಿ 120 ಸೆಂ.ಮೀ.ಗೆ ಗುರುತು ಮಾಡಿ. ಒಂದು ತುದಿಯನ್ನು ರ‍್ಯಾಂಪಿನ ಮೇಲೆ ಎತ್ತರದ ಕಡೆ ಊರಿ. ಇನ್ನೊಂದು ತುದಿಯನ್ನು ರಸಮಟ್ಟದ ಗುಳ್ಳೆ ನಡುವೆ ಬರುವ ತನಕ ಎತ್ತಿ ಹಿಡಿಯಿರಿ. ಈಗ 120ರ ಗುರುತಿನಿಂದ ಕೆಳಗೆ ರ‍್ಯಾಂಪಿನವರೆಗೆ ಟೇಪು ಇಳಿಬಿಡಿ. 10 ಸೆಂ.ಮೀ. ಅಥವಾ ಕಡಿಮೆ ಬಂದರೆ ಸರಿ ಇದೆ. 15 ಬಂದರೆ ತಳ್ಳುವವರಿಗೆ ಕಷ್ಟ. 20 ಬಂದರೆ ಅಪಾಯ. ಪಟ್ಟಿ ಸಿಗದಿದ್ದರೆ ಮೊಬೈಲಿನ ಲೆವೆಲ್ ಆ್ಯಪ್ ಸಾಕು, ಫೋನನ್ನು ರ‍್ಯಾಂಪಿನ ಮೇಲೆ ಉದ್ದಕ್ಕೆ ಇಟ್ಟರೆ 4.8 ಡಿಗ್ರಿ ದಾಟಬಾರದು. ‘ತಳ್ಳಲು ಎರಡು ಜನ ಬೇಕು’ ಅಂತ ಬರೆದಿದ್ದೀರಲ್ಲ, ನಿಮ್ಮ ಪಾರ್ಕಿನದ್ದು ಖಂಡಿತ ಇದರ ಮೇಲಿದೆ.

ಇಳಿಜಾರು ಸರಿ ಇದ್ದರೂ ಮೇಲೆ, ಕೆಳಗೆ ಎರಡೂ ಕಡೆ ಒಂದೂವರೆ ಮೀಟರ್ ಸಮತಟ್ಟು ಜಾಗ ಬೇಕು. ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಉದ್ದ 9 ಮೀಟರ್ ದಾಟಿದರೆ ನಡುವೆಯೂ ಅಂಥದ್ದೇ ಒಂದು ತಂಗುವ ಜಾಗ ಇರಬೇಕು. ಹಿಡಿದುಕೊಳ್ಳುವ ಕಂಬಿ ಎರಡೂ ಪಕ್ಕ, 76 ಮತ್ತು 90 ಸೆಂ.ಮೀ. ಎರಡು ಎತ್ತರದಲ್ಲಿ. ಕಂಬಿ ಒಂದು ಪಕ್ಕ ಸಾಲದಾ ಅಂತ ಕೇಳುತ್ತಾರೆ. ನಿಮ್ಮ ತಂದೆಯನ್ನೇ ನೋಡಿ. ಅವರಿಗೆ ಹಿಡಿತ ಇರುವುದು ಎಡಗೈಯಲ್ಲಿ ಮಾತ್ರ. ಮುಂದೊಂದು ದಿನ ಕೋಲಿನ ಬದಲು ಕಂಬಿ ಹಿಡಿದು ರ‍್ಯಾಂಪ್ ಹತ್ತಿದರು ಅಂದುಕೊಳ್ಳಿ. ಹತ್ತುವಾಗ ಎಡಗಡೆ ಇದ್ದ ಕಂಬಿ ಇಳಿಯುವಾಗ ಬಲಗಡೆ ಬರುತ್ತದೆ. ಆ ಕೈಯಲ್ಲಿ ಶಕ್ತಿ ಇಲ್ಲ. ಒಂದೇ ಕಂಬಿ ಇದ್ದರೆ ಅವರು ಮೇಲೆ ಹೋಗಬಹುದು, ಕೆಳಗೆ ಬರಲಾರರು.

ಇನ್ನೊಂದು, ರ‍್ಯಾಂಪಿಗೆ ನುಣುಪು ಗ್ರಾನೈಟ್ ಹಾಕಿಸುವ ಚಟ. ಬೆಳಿಗ್ಗೆ ನೀರು ಸುರಿದು ತೊಳೆದ ಮೇಲೆ ಅದರ ಮೇಲೆ ಕೋಲು ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೇನೂ ಬರವಿಲ್ಲ, ಒರಟು ಮೈಯ ಕಲ್ಲು ಹಾಕಿ ಅಂತ ಕೇಳಿ.

ಇಲ್ಲಿ ಒಬ್ಬ ಮೇಸ್ತ್ರಿಯ ವಿಷಯ ಹೇಳಲೇಬೇಕು. ಒಂದು ಕಟ್ಟಡಕ್ಕೆ ರ‍್ಯಾಂಪ್ ಕಟ್ಟುತ್ತಿದ್ದರು. ಇಳಿಜಾರು ಜಾಸ್ತಿ ಆಯಿತು ಅಂದೆ. ‘ಮೇಡಂ, ಮೂವತ್ತು ವರ್ಷದಿಂದ ಕಟ್ತಿದ್ದೀನಿ, ಏನೂ ಆಗಲ್ಲ’ ಅಂದರು. ನಾನು ವಾದ ಮಾಡಲಿಲ್ಲ. ಮಾರನೇ ದಿನ ಬಾಡಿಗೆಗೆ ಒಂದು ವೀಲ್‌ಚೇರ್ ತಂದೆ. ಅವರನ್ನೇ ಕೂರಿಸಿ, ಹತ್ತಿ ಅಂದೆ. ಸಿಮೆಂಟ್ ಮೂಟೆ ಹೊತ್ತ ತೋಳು, ಚಕ್ರ ಬಲವಾಗಿ ಒತ್ತಿದರು. ಅರ್ಧಕ್ಕೆ ಬಂದಾಗ ಕುರ್ಚಿಯ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಹಿಂದೆ ನಿಂತ ಹುಡುಗರು ಹಿಡಿದುಕೊಂಡರು. ಅವರು ಇಳಿದು ಬೆವರು ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, ‘ಇದು ಕಾಲಿದ್ದವನ ಲೆಕ್ಕದಲ್ಲಿ ಕಟ್ಟಿದ್ದು’ ಅಂತ ಅವರೇ ಹೇಳಿದರು. ಒಡೆದು ಮತ್ತೆ ಕಟ್ಟಿದರು. ಅದಾದ ಮೇಲೆ ಬೇರೆ ಕೆಲಸದ ಜಾಗದಿಂದಲೂ ಫೋನ್ ಮಾಡಿ ಅಳತೆ ಕೇಳುತ್ತಾರೆ. ಕಾಂಕ್ರೀಟ್ ಗಟ್ಟಿಯಾಗುವ ಮೊದಲು ಇಂಥ ಅರ್ಧ ಗಂಟೆ ಸಿಕ್ಕರೆ ಎಷ್ಟೋ ಕೆಲಸ ಉಳಿಯುತ್ತದೆ. ಹಾಗಾಗಿ ಅರ್ಜಿಯಲ್ಲಿ ಇದನ್ನೂ ಸೇರಿಸಿ: ಕೆಲಸ ಶುರುವಾಗುವ ದಿನ ನಮಗೆ ತಿಳಿಸಿ, ಕೊನೆಯ ಬಿಲ್ ಆಗುವ ಮೊದಲು ವೀಲ್‌ಚೇರ್ ಬಳಸುವವರೊಬ್ಬರು ಹತ್ತಿ ಇಳಿದು ನೋಡಬೇಕು.

ಪಾರ್ಕಿನ ಒಳಗೆ ನನಗೆ ಮುಖ್ಯ ಅನ್ನಿಸುವುದು ಬೆಂಚು. ನಿಮ್ಮ ತಂದೆ ಪಾರ್ಕಿಗೆ ಹೋಗುತ್ತಿದ್ದದ್ದು ಗೆಳೆಯರ ಜತೆ ಕೂರಲು ಅಲ್ವಾ? ಬೆಂಚಿನ ಪಕ್ಕದಲ್ಲಿ ಹುಲ್ಲು, ಕಲ್ಲು, ಗಿಡ ಇದ್ದರೆ ಅವರ ಕುರ್ಚಿ ದಾರಿಯಲ್ಲೇ ನಿಲ್ಲಬೇಕು. ಹೋಗಿ ಬರುವವರಿಗೆಲ್ಲ ಅಡ್ಡ, ಗೆಳೆಯರಿಗೆ ಎದುರು. ಬೆಂಚಿನ ಪಕ್ಕ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಸಮತಟ್ಟು ಕಲ್ಲುಹಾಸು ಮಾಡಿಸಿದರೆ ಅವರು ಸಾಲಿನಲ್ಲೇ ಕೂರುತ್ತಾರೆ, ಹೆಗಲಿಗೆ ಹೆಗಲು. ನಾಲ್ಕು ಚಪ್ಪಡಿ ಖರ್ಚು. ಬೆಂಚಿಗೆ ಬೆನ್ನು, ಕೈ ಊರಲು ತೋಳು ಇರಲಿ. ಮಂಡಿನೋವಿನ ಹಿರಿಯರಿಗೆ ಏಳಲು ಅದೇ ಆಸರೆ.

ಶೌಚಾಲಯ ಇದ್ದರೆ ಬಾಗಿಲು 90 ಸೆಂ.ಮೀ., ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಕಮೋಡಿನ ಎತ್ತರ 45ರಿಂದ 48 ಸೆಂ.ಮೀ., ಪಕ್ಕದಲ್ಲಿ ಹಿಡಿಯಲು ಕಂಬಿ. ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಜಾರಬೇಕು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತಳ್ಳಲಾರರು. ನಾನು ನೋಡಿದ ಒಂದು ಕಚೇರಿಯಲ್ಲಿ ಎಲ್ಲವೂ ಅಳತೆಗೆ ಸರಿ ಇತ್ತು. ಒಳಗೆ ಮಾತ್ರ ಪೊರಕೆ, ಬಕೆಟ್ಟು, ಹಳೇ ಫ್ಯಾನು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಜತೆ ಬಂದಿದ್ದ ಹೆಣ್ಣುಮಗಳು ಬೆಳಿಗ್ಗೆಯಿಂದ ನೀರು ಕುಡಿಯದೆ ಬಂದಿದ್ದರು. ಹೊರಗೆ ಹೋಗುವ ದಿನ ಅವರು ನೀರು ಕುಡಿಯುವುದೇ ಇಲ್ಲವಂತೆ. ಇದನ್ನು ಕೇಳಿದ ಮೇಲೆ ನಾನು ಯಾವ ಕಟ್ಟಡಕ್ಕೆ ಹೋದರೂ ಮೊದಲು ಶೌಚಾಲಯದ ಬಾಗಿಲು ತೆಗೆಸಿ ನೋಡುತ್ತೇನೆ.

ಪಕ್ಕದ ಮನೆ ಹುಡುಗನ ವಿಷಯಕ್ಕೆ ಬರುತ್ತೇನೆ. ಫುಟ್‌ಪಾತ್ ಮೇಲೆ ಹಳದಿ ಉಬ್ಬು ಟೈಲ್ಸ್ ನೋಡಿರುತ್ತೀರಿ. ಅಲಂಕಾರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಜಪಾನಿನ ಸೈಇಚಿ ಮಿಯಾಕೆ ಅವರು ಇದನ್ನು ರೂಪಿಸಿದರು. 1967ರಲ್ಲಿ ಒಕಯಾಮ ಊರಿನಲ್ಲಿ, ಅಂಧರ ಶಾಲೆಯೊಂದರ ಹತ್ತಿರದ ರಸ್ತೆಯಲ್ಲಿ ಮೊದಲ ಸಲ ಹಾಕಿದರು. ಇದರಲ್ಲಿ ಎರಡು ಬಗೆ. ಉದ್ದ ಗೆರೆಯ ಟೈಲ್ಸ್ ಅಂದರೆ ‘ಹೀಗೇ ಮುಂದೆ ಹೋಗು’. ಚುಕ್ಕಿ ಟೈಲ್ಸ್ ಅಂದರೆ ‘ನಿಲ್ಲು, ಮುಂದೆ ಏನೋ ಇದೆ’. ಮೆಟ್ಟಿಲು, ತಿರುವು, ರಸ್ತೆ ದಾಟುವ ಜಾಗ ಯಾವುದಾದರೂ ಇರಬಹುದು. ಕಾಲಿನ ಅಡಿ, ಕೋಲಿನ ತುದಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಬಣ್ಣ ಹಳದಿ ಯಾಕೆ ಅಂದರೆ ಮಂದ ದೃಷ್ಟಿಯವರಿಗೂ ಅದು ಎದ್ದು ಕಾಣುತ್ತದೆ.

ಟೈಲ್ಸ್ ಹಾಕುವವರಿಗೆ ಈ ಭಾಷೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಗೆರೆ ಟೈಲ್ಸ್ ಖಾಲಿ ಆದರೆ ನಡುವೆ ಚುಕ್ಕಿಯದ್ದು ಹಾಕುತ್ತಾರೆ. ಕಾಲೇಜಿಗೆ ಹೋಗುವ ಹುಡುಗನೊಬ್ಬನ ಜತೆ ಇಂಥ ಒಂದು ಫುಟ್‌ಪಾತ್ ಮೇಲೆ ನಡೆದಿದ್ದೆ. ಅವನ ಕೋಲು ಗೆರೆಗಳ ಮೇಲೆ ಟರ್ರ್ ಅಂತ ಸದ್ದು ಮಾಡುತ್ತಾ ಹೋಗುತ್ತಿತ್ತು. ವೇಗವಾಗಿಯೇ ನಡೆಯುತ್ತಿದ್ದ, ನಾನೇ ಹಿಂದೆ ಬಿದ್ದೆ. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಹಳದಿ ಗೆರೆ ನೇರವಾಗಿ ಒಂದು ಕಬ್ಬಿಣದ ಪೆಟ್ಟಿಗೆಯ ಕಾಲಡಿಗೆ ಹೋಗಿತ್ತು. ಕಂಬ, ಪೆಟ್ಟಿಗೆ ಮೊದಲೇ ಇತ್ತು, ಟೈಲ್ಸ್ ಹಾಕಿದವರು ಅದರವರೆಗೆ ಹಾಕಿ ಆ ಕಡೆಯಿಂದ ಮತ್ತೆ ಶುರು ಮಾಡಿದ್ದರು. ಅವನು ಪೆಟ್ಟಿಗೆಯನ್ನು ಕೈಯಲ್ಲಿ ತಡವಿ ನೋಡಿದ. ‘ಮೇಡಂ, ಟೈಲ್ಸ್ ಇಲ್ಲದ ಕಡೆ ನಾನು ಹುಷಾರಾಗಿ ನಡೀತೀನಿ. ಇಲ್ಲಿ ನಂಬಿ ನಡೀತೀನಿ. ನಂಬಿದ ಕಡೆ ಪೆಟ್ಟು ಜಾಸ್ತಿ’ ಅಂದ.

ಹಾಗಾಗಿ ಅರ್ಜಿಯಲ್ಲಿ ಸುಮ್ನೆ ‘ಟೈಲ್ಸ್ ಹಾಕಿ’ ಅಂತ ಕೇಳಬೇಡಿ. ಟೈಲ್ಸಿನ ಎರಡೂ ಪಕ್ಕ 60 ಸೆಂ.ಮೀ. ಖಾಲಿ ಇರಬೇಕು, ನಡುವೆ ಕಡಿಯಬಾರದು, ಗೆರೆ-ಚುಕ್ಕಿ ಅದಲುಬದಲು ಆಗಬಾರದು ಅಂತ ಬರೆಯಿರಿ. ಆ ಹುಡುಗನನ್ನೂ ಅಳೆಯಲು ಕರೆದುಕೊಂಡು ಹೋಗಿ. ಯಾವ ಜಾಗ ಅವನಿಗೆ ತೊಂದರೆ ಅಂತ ಅವನೇ ಹೇಳಲಿ, ನೀವು ಊಹಿಸಬೇಡಿ. ಕಂಬ ಸರಿಸುವುದಿದ್ದರೆ ಬೆಸ್ಕಾಂಗೆ ಬೇರೆ ಅರ್ಜಿ ಬೇಕಾಗುತ್ತದೆ. ಬಸ್ ನಿಲ್ದಾಣದಲ್ಲಿ ಅವನಿಗೆ ಘೋಷಣೆ ಕೇಳಬೇಕು, ಕಿವಿ ಕೇಳದವರಿಗೆ ಅದೇ ಮಾತು ದೊಡ್ಡ ಕನ್ನಡ ಅಕ್ಷರದಲ್ಲಿ ಕಾಣಬೇಕು. ಅದು ಇನ್ನೊಂದು ಅರ್ಜಿಯ ವಿಷಯ, ಇದರಲ್ಲಿ ಬೆರೆಸಬೇಡಿ.

ಕಾನೂನು ಇದೆಯಾ ಅಂದಿರಿ. ಗಟ್ಟಿಯಾಗಿಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಈಗ 21. ಇದರ 44ನೇ ಸೆಕ್ಷನ್ ಪ್ರಕಾರ ಅಳತೆ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಕಟ್ಟಡ ಮುಗಿದ ಮೇಲೆ ಪೂರ್ಣತಾ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. 45ನೇ ಸೆಕ್ಷನ್ ಹಳೇ ಸಾರ್ವಜನಿಕ ಕಟ್ಟಡಗಳಿಗೆ 5 ವರ್ಷ ಗಡುವು ಕೊಟ್ಟಿತ್ತು. ಆ 5 ವರ್ಷದ ಲೆಕ್ಕ ಶುರುವಾಗುವುದು ನಿಯಮ ಬಂದ 2017ರ ಜೂನ್‌ನಿಂದ, ಹಾಗಾಗಿ ಗಡುವು ದಾಟಿ ಹೋಗಿದೆ. ಕಾಯ್ದೆ ಮುರಿದರೆ 89ನೇ ಸೆಕ್ಷನ್ ಪ್ರಕಾರ ಮೊದಲ ಸಲ 10,000 ರೂಪಾಯಿವರೆಗೆ ದಂಡ. ಮತ್ತೆ ಮುರಿದರೆ 50,000ಕ್ಕೆ ಕಡಿಮೆ ಇಲ್ಲದಂತೆ 5 ಲಕ್ಷದವರೆಗೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ದೊಡ್ಡ ಮಾತು ಹೇಳಿತು. ಅಳತೆಗಳು ಬರೀ ಸಲಹೆ ಆಗಿ ಉಳಿದರೆ ಸಾಲದು, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳು ಸಮಯ ಕೊಟ್ಟಿತು. ಅರ್ಜಿಯ ಮೊದಲ ಪ್ಯಾರಾದಲ್ಲಿ ಕಾಯ್ದೆಯ ಹೆಸರು, ಸೆಕ್ಷನ್ ಸಂಖ್ಯೆ ಇದ್ದರೆ ಗುಮಾಸ್ತರು ಅದನ್ನು ಮಾಮೂಲಿ ಅರ್ಜಿಗಳ ಕಟ್ಟಿಗೆ ಸೇರಿಸದೆ ಬೇರೆಯಾಗಿ ಗಮನಿಸುತ್ತಾರೆ.

ಕೆಲವರು ಎದುರಿಗೇ ಕೇಳಬಹುದು: ಈ ಪಾರ್ಕಿಗೆ ಎಷ್ಟು ಜನ ವೀಲ್‌ಚೇರಿನವರು ಬರುತ್ತಾರೆ? ಒಬ್ಬರೂ ಬರುತ್ತಿಲ್ಲ, ಬರಲು ಆಗದ ಹಾಗೆ ಕಟ್ಟಿದ್ದೀರಿ ಅಂತ ಹೇಳಿ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಅವತ್ತು ನಿಮ್ಮ ತಂದೆ ಆ ಲೆಕ್ಕದಲ್ಲಿ ಇರಲಿಲ್ಲ ಅನ್ನುವುದನ್ನೂ ಹೇಳಿ.

ದುಡ್ಡಿನ ಮಾತು. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ‘ಆ ಹಣದಲ್ಲಿ ರ‍್ಯಾಂಪ್ ಮಾಡಿಸುತ್ತೇವೆ’ ಅಂತ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದು ಯಾರದ್ದೋ ಸೈಡ್ ವೀಲ್ ಸ್ಕೂಟರ್, ಯಾರದ್ದೋ ಶ್ರವಣ ಸಾಧನ, ಯಾವುದೋ ಮಗುವಿನ ಚಿಕಿತ್ಸೆಯ ಹಣ. ಫುಟ್‌ಪಾತ್ ಇಳಿಜಾರು ಫುಟ್‌ಪಾತಿನದೇ ಭಾಗ, ರಸ್ತೆ ಮತ್ತು ಪಾರ್ಕಿನ ಹಣದಲ್ಲೇ ಆಗಬೇಕು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2025ರ ಮಾರ್ಚ್‌ಗೆ ಆ ಯೋಜನೆಯೇ ಮುಗಿಯಿತು. ಆ ಕಾಲದ ಕೆಲಸವಾದರೂ, ಪಾಲಿಕೆಯ ಕೆಲಸವಾದರೂ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಗುತ್ತಿಗೆಗಳಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತದೆ. ಆ ಅವಧಿ ಇನ್ನೂ ಉಳಿದಿದ್ದರೆ ತಪ್ಪು ಕೆಲಸವನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು.

ಕೊಡುವ ರೀತಿ ಹೀಗೆ. ಅರ್ಜಿ ಪಾಲಿಕೆ ಆಯುಕ್ತರ ಹೆಸರಿಗಿರಲಿ. ಪ್ರತಿಯನ್ನು ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ಕೊಡಿ. ದಾರಿಯಲ್ಲಿ ಲೋಕೋಪಯೋಗಿ ಇಲಾಖೆಯ ಅಥವಾ ಹೆದ್ದಾರಿಯ ರಸ್ತೆ ಬಂದರೆ ಅದಕ್ಕೆ ಬೇರೆ ಪ್ರತಿ. ಪ್ರತಿ ಫೋಟೊದಲ್ಲೂ ಟೇಪಿನ ಅಂಕಿ ಕಾಣಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಒಂದು ತಿಂಗಳು ಸುಮ್ಮನಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟ್, ನಕ್ಷೆ, ಎಂ.ಬಿ. ಪುಸ್ತಕದ (ಆದ ಕೆಲಸದ ಅಳತೆಯನ್ನು ಎಂಜಿನಿಯರು ಬರೆದಿಡುವ ಪುಸ್ತಕ) ನಕಲು ಕೇಳಿ. ನಮ್ಮ ರಾಜ್ಯದಲ್ಲಿ ಈ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಅವರಿಗೆ ಉತ್ತರ ಕೊಡಲು 30 ದಿನ. ಎಂ.ಬಿ.ಯಲ್ಲಿ ಬರೆದ ಅಳತೆಗೂ ನೀವು ಅಳೆದದ್ದಕ್ಕೂ ವ್ಯತ್ಯಾಸ ಕಂಡರೆ ನಿಮ್ಮ ಕೈ ಬಹಳ ಗಟ್ಟಿಯಾಗುತ್ತದೆ. ಆಗಲೂ ಆಗದಿದ್ದರೆ ಎಲ್ಲ ಕಾಗದ ಸೇರಿಸಿ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ಸಾಕ್ಷಿ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ತಂದೆಗೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಇನ್ನೂ ಮಾಡಿಸಿಲ್ಲದಿದ್ದರೆ ಮಾಡಿಸಿ. ಅರ್ಜಿಗೆ ಅದು ಬೇಕಿಲ್ಲ, ಬೇರೆ ಸೌಲಭ್ಯಕ್ಕೆ ಬೇಕು.

ಈ ಭಾನುವಾರ ಬೆಳಿಗ್ಗೆ ತಂದೆಯನ್ನೂ ಆ ಹುಡುಗನನ್ನೂ ಕರೆದುಕೊಂಡು ಹೊರಡಿ. ನಿಂತ ಕಡೆಯೆಲ್ಲ ಅಳೆಯಿರಿ. ಗೇಟಿನ ಸಂದಿ ಎಷ್ಟು, ಫುಟ್‌ಪಾತ್ ಎತ್ತರ ಎಷ್ಟು, 120 ಸೆಂ.ಮೀ. ಪಟ್ಟಿಯ ಕೆಳಗೆ ರ‍್ಯಾಂಪ್ ಎಷ್ಟು ಇಳಿದಿದೆ, ಈ ಮೂರು ಅಂಕಿ ನನಗೆ ಬರೆದು ಕಳಿಸಿ. ಜತೆಗೆ ತಂದೆಯ ಗೆಳೆಯರು ಯಾವ ಬೆಂಚಿನಲ್ಲಿ ಕೂರುತ್ತಾರೆ ಅಂತಲೂ ಬರೆಯಿರಿ. ಅರ್ಜಿಯ ಕರಡನ್ನು ಆ ಬೆಂಚಿನ ತನಕದ ದಾರಿಗೆ ನಾನೇ ಬರೆದುಕೊಡುತ್ತೇನೆ.